ರೂಸ್‌ವೆಲ್ಟ್ ಕಡತದಲ್ಲಿ ಉಳಿದ ನಾಲ್ಕು ಅಂಕಿಗಳು

ಸರ್ಕಾರಿ ಸೇವೆಯಲ್ಲಿ ಬದುಕಿನ ಬಹುಭಾಗ ಕಳೆದವರಿಗೆ ಒಂದು ಸತ್ಯ ಗೊತ್ತಿರುತ್ತದೆ. ಅನಾಹುತಗಳು ಮುನ್ಸೂಚನೆಯಿಲ್ಲದೆ ಬರುವುದು ಅಪರೂಪ. ಅಣೆಕಟ್ಟೆಯ ಬಿರುಕಾಗಲಿ, ಖಜಾನೆಯ ಸೋರಿಕೆಯಾಗಲಿ, ಯಾವುದೋ ಕಡತದ ಯಾವುದೋ ಪುಟದಲ್ಲಿ ಒಂದು ಅಂಕಿಯಾಗಿ ಮೊದಲೇ ದಾಖಲಾಗಿರುತ್ತದೆ. ಬರೆಯಬೇಕಾದವನು ಬರೆದಿರುತ್ತಾನೆ, ಓದಬೇಕಾದವನು ಸಹಿ ಹಾಕಿ ಮುಂದಕ್ಕೆ ಕಳುಹಿಸಿರುತ್ತಾನೆ.

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ಡಿಲಾನೊ ರೂಸ್‌ವೆಲ್ಟ್ ಅವರ ವೈದ್ಯಕೀಯ ಕಡತದಲ್ಲಿ ಅಂಥ ನಾಲ್ಕು ಅಂಕಿಗಳಿದ್ದವು. 1935ರ ಜುಲೈನಲ್ಲಿ ಅವರ ರಕ್ತದೊತ್ತಡ 136/78 ಇತ್ತು. 1937ರ ಏಪ್ರಿಲ್‌ನಲ್ಲಿ 162/98, 1940ರ ನವೆಂಬರ್‌ನಲ್ಲಿ 178/88, 1941ರ ಫೆಬ್ರುವರಿಯಲ್ಲಿ 188/105. ಈ ನಾಲ್ಕನ್ನು ಒಂದರ ಕೆಳಗೊಂದು ಬರೆದಿಟ್ಟರೆ ಇಂದಿನ ಪ್ರೌಢಶಾಲಾ ವಿದ್ಯಾರ್ಥಿಯೂ ಗೆರೆ ಯಾವ ಕಡೆಗೆ ಸಾಗಿದೆಯೆಂದು ಹೇಳಬಲ್ಲ. ಆದರೆ ಜಗತ್ತಿನ ಅತ್ಯಂತ ಬಲಾಢ್ಯ ರಾಷ್ಟ್ರದ ಮುಖ್ಯಸ್ಥರ ವಿಷಯದಲ್ಲಿ ಆ ಗೆರೆಯನ್ನು ಯಾರೂ ಎಳೆಯಲಿಲ್ಲ. ಎಳೆದಿದ್ದರೂ ಕೊಡಲು ಒಳ್ಳೆಯ ಔಷಧ ಆಗ ಇರಲಿಲ್ಲ. ಈ ಎರಡು ಮಾತುಗಳಲ್ಲಿ ಮೊದಲನೆಯದು ಮನುಷ್ಯರ ಲೋಪ, ಎರಡನೆಯದು ಕಾಲದ ಮಿತಿ. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಮಾತ್ರ ಆ ಮಹಾನುಭಾವರ ಜೀವನದ ಕೊನೆಯ ಅಧ್ಯಾಯ ನಮಗೇನನ್ನು ಕಲಿಸುತ್ತದೆಂಬುದು ಅರ್ಥವಾಗುತ್ತದೆ.

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ, ತಲೆಮಾರುಗಳ ಸಿರಿವಂತಿಕೆಯಿದ್ದ ಮನೆತನದಲ್ಲಿ. ತಂದೆ ಜೇಮ್ಸ್ ಹೃದ್ರೋಗದಿಂದ ಬಳಲಿ 1900ರಲ್ಲಿ ತೀರಿಕೊಂಡರು. ಮಗ ಆಗಷ್ಟೇ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ್ದ. ಅನಂತರ ಕೊಲಂಬಿಯಾದಲ್ಲಿ ಕಾನೂನು ವ್ಯಾಸಂಗ, 1905ರಲ್ಲಿ ಎಲೆನೋರ್ ಅವರೊಡನೆ ವಿವಾಹ, 1910ರಲ್ಲಿ ನ್ಯೂಯಾರ್ಕ್ ಸೆನೆಟ್‌ಗೆ ಆಯ್ಕೆ, 1913ರಿಂದ ನೌಕಾಖಾತೆಯಲ್ಲಿ ಸಹಾಯಕ ಕಾರ್ಯದರ್ಶಿ. 1920ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಎತ್ತರದ ನಿಲುವು, ಸದೃಢ ಮೈಕಟ್ಟು, ಹಡಗು ನಡೆಸುವ ಹುಮ್ಮಸ್ಸು. ಮುಂದಿನ ದಾರಿ ಸರಾಗವಾಗಿಯೇ ಕಾಣುತ್ತಿತ್ತು.

1921ರ ಆಗಸ್ಟ್‌ನಲ್ಲಿ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ರಜೆ ಕಳೆಯುತ್ತಿದ್ದಾಗ ಜ್ವರ ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಎರಡೂ ಕಾಲುಗಳು ಸ್ವಾಧೀನ ತಪ್ಪಿದವು. ಪೋಲಿಯೊ ಎಂದು ವೈದ್ಯರು ತೀರ್ಮಾನಿಸಿದರು. ಆಗ ಅವರಿಗೆ 39 ವರ್ಷ. ಸಾರ್ವಜನಿಕ ಬದುಕು ಮುಗಿಯಿತೆಂದು ಬಹುಪಾಲು ಜನ ಭಾವಿಸಿದರು, ಅವರು ಭಾವಿಸಲಿಲ್ಲ. ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳಿವೆ. 1924ರಿಂದ ಅಲ್ಲಿಗೆ ಹೋಗಿಬರುತ್ತ, ಆ ನೀರಿನಲ್ಲಿ ವ್ಯಾಯಾಮ ಮಾಡುತ್ತ, ತಮ್ಮಂತೆಯೇ ಪೋಲಿಯೊಗೆ ತುತ್ತಾದ ಇತರರಿಗಾಗಿ ಅಲ್ಲೊಂದು ಚಿಕಿತ್ಸಾ ಸಂಸ್ಥೆಯನ್ನೂ ಕಟ್ಟಿದರು. ಕಾಲಿಗೆ ಉಕ್ಕಿನ ಪಟ್ಟಿ ಬಿಗಿದುಕೊಂಡು, ಮಗನ ತೋಳು ಹಿಡಿದು ನಾಲ್ಕು ಹೆಜ್ಜೆ ಇಡುವುದನ್ನು ಅಭ್ಯಾಸ ಮಾಡಿದರು. 1928ರಲ್ಲಿ ನ್ಯೂಯಾರ್ಕ್‌ನ ಗವರ್ನರ್ ಆಗಿ ಆಯ್ಕೆಯಾದರು. 1932ರಲ್ಲಿ ರಾಷ್ಟ್ರದ ಅಧ್ಯಕ್ಷರಾಗಿ ಆಯ್ಕೆಯಾದರು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಗಾಲಿಕುರ್ಚಿಯಲ್ಲಿ ಕುಳಿತ ಅಧ್ಯಕ್ಷರ ಚಿತ್ರವನ್ನು ತೆಗೆಯಬಾರದೆಂಬುದು ಪತ್ರಿಕಾ ಛಾಯಾಗ್ರಾಹಕರೊಡನೆ ಇದ್ದ ಅಲಿಖಿತ ಒಪ್ಪಂದ. ಅಂಗವೈಕಲ್ಯವನ್ನು ದೌರ್ಬಲ್ಯವೆಂದು ಎಣಿಸುತ್ತಿದ್ದ ಕಾಲದಲ್ಲಿ ಇದು ಅರ್ಥವಾಗುವಂಥದ್ದೇ. ಆದರೆ ದೇಹದ ವಿಷಯವನ್ನು ಮರೆಯಲ್ಲಿಡುವ ಈ ರೂಢಿ ಮುಂದೆ ಅವರಿಗೇ ಮುಳುವಾಯಿತು. ಕಾಲುಗಳ ಸ್ಥಿತಿಯನ್ನು ಜನರಿಂದ ಮುಚ್ಚಿಡಲು ಕಲಿತ ಅಧ್ಯಕ್ಷ ಭವನ, ಹೃದಯದ ಸ್ಥಿತಿಯನ್ನು ಸ್ವತಃ ಅಧ್ಯಕ್ಷರಿಂದಲೇ ಮುಚ್ಚಿಡುವ ಮಟ್ಟಕ್ಕೆ ಹೋಯಿತು.

ಅರ್ಥಶಾಸ್ತ್ರ ಓದಿದವರಿಗೆ ರೂಸ್‌ವೆಲ್ಟ್ ಹೆಸರು ಹೊಸ ಒಪ್ಪಂದ ಎಂಬ ಆರ್ಥಿಕ ಕಾರ್ಯಕ್ರಮದೊಡನೆ ಅಂಟಿಕೊಂಡಿದೆ. 1933ರ ಮಾರ್ಚ್‌ನಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಅಮೆರಿಕದ ದುಡಿಯುವ ಕೈಗಳಲ್ಲಿ ಸುಮಾರು ಕಾಲುಭಾಗಕ್ಕೆ ಕೆಲಸವಿರಲಿಲ್ಲ. ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು. ಠೇವಣಿಗಳಿಗೆ ವಿಮೆ, ಟೆನೆಸ್ಸೀ ಕಣಿವೆಯ ಅಣೆಕಟ್ಟುಗಳು, ನಿರುದ್ಯೋಗಿಗಳಿಗೆ ಸರ್ಕಾರಿ ಕಾಮಗಾರಿ, 1935ರ ಸಾಮಾಜಿಕ ಭದ್ರತಾ ಕಾಯ್ದೆ, ಹೀಗೆ ರಾಜ್ಯವೆಂದರೇನು ಎಂಬ ಕಲ್ಪನೆಯನ್ನೇ ಅವರು ಬದಲಿಸಿದರು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದದ್ದು ಆ ಟೆನೆಸ್ಸೀ ಯೋಜನೆಯೇ. ಆದರೆ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಒಂದು ಸಂಗತಿ ಸೇರಲಿಲ್ಲ. ವೈದ್ಯರ ಸಂಘದ ಪ್ರಬಲ ವಿರೋಧದಿಂದಾಗಿ ಆರೋಗ್ಯ ವಿಮೆಯನ್ನು ಕೈಬಿಡಲಾಯಿತು. ವೃದ್ಧಾಪ್ಯ ವೇತನಕ್ಕೆ ದಾರಿಯಾಯಿತು, ವೃದ್ಧಾಪ್ಯದವರೆಗೆ ಬದುಕಿಸುವ ವ್ಯವಸ್ಥೆಗೆ ಆಗಲಿಲ್ಲ.

ಅಧ್ಯಕ್ಷರ ಖಾಸಗಿ ವೈದ್ಯರಾಗಿದ್ದವರು ನೌಕಾಪಡೆಯ ರಾಸ್ ಮ್ಯಾಕಿಂಟೈರ್. ಅವರು ಕಿವಿ, ಮೂಗು, ಗಂಟಲಿನ ತಜ್ಞರು. ರೂಸ್‌ವೆಲ್ಟರಿಗೆ ಸೈನಸ್ ತೊಂದರೆಯಿದ್ದುದರಿಂದ ಈ ಆಯ್ಕೆ ಸಹಜವಾಗಿಯೇ ಕಂಡಿರಬೇಕು. ನಿತ್ಯ ಮೂಗಿನ ಆರೈಕೆ ನಡೆಯಿತು. ಅದೇ ವೇಳೆಗೆ ತೋಳಿನ ಪಟ್ಟಿ ತೋರಿಸುತ್ತಿದ್ದ ಅಂಕಿ ಮೇಲೇರುತ್ತ ಹೋಯಿತು. ಇದರಲ್ಲಿ ಆ ಒಬ್ಬ ವೈದ್ಯರನ್ನೇ ದೂರುವುದು ನ್ಯಾಯವಲ್ಲ. ವಯಸ್ಸಾದಂತೆ ರಕ್ತನಾಳಗಳು ಗಟ್ಟಿಯಾಗುತ್ತವೆ, ಗಟ್ಟಿಯಾದ ನಾಳಗಳಲ್ಲಿ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಇಳಿಸಿದರೆ ಅಪಾಯವೇ ಹೆಚ್ಚು ಎಂಬುದು ಆ ಕಾಲದ ಅನೇಕ ಗಣ್ಯ ವೈದ್ಯರ ನಂಬಿಕೆಯಾಗಿತ್ತು. ಕಾರಣ ತಿಳಿಯದ ಅಧಿಕ ರಕ್ತದೊತ್ತಡಕ್ಕೆ ಅಗತ್ಯವೆಂಬ ಅರ್ಥ ಕೊಡುವ ಇಂಗ್ಲಿಷ್ ವಿಶೇಷಣವೇ ಅಂಟಿಕೊಂಡಿತು. ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ಉಳಿದಿದೆ.

ಯುದ್ಧ ಬಂತು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕ ಯುದ್ಧಕ್ಕಿಳಿಯಿತು. 1942ರಲ್ಲಿ ಭಾರತದ ಸ್ವಾತಂತ್ರ್ಯದ ಪ್ರಶ್ನೆಯನ್ನೆತ್ತಿ ಚರ್ಚಿಲ್ ಅವರ ಅಸಮಾಧಾನಕ್ಕೆ ಗುರಿಯಾದ ಅಧ್ಯಕ್ಷರೂ ಇವರೇ. 1943ರ ಕೊನೆಯಲ್ಲಿ ಟೆಹರಾನ್ ಸಮ್ಮೇಳನದಿಂದ ಮರಳಿದ ಮೇಲೆ ಕೆಮ್ಮು, ಸುಸ್ತು, ನಿದ್ದೆಯಿಲ್ಲದ ರಾತ್ರಿಗಳು ಬಿಡಲೇ ಇಲ್ಲ. ಮಗಳು ಆನ್ನಾ ಒತ್ತಾಯಿಸಿದ ಮೇಲೆ 1944ರ ಮಾರ್ಚ್ ಕೊನೆಯ ವಾರದಲ್ಲಿ ಬೆಥೆಸ್ಡಾ ನೌಕಾ ಆಸ್ಪತ್ರೆಯಲ್ಲಿ ತಪಾಸಣೆ ನಡೆಯಿತು. ಪರೀಕ್ಷಿಸಿದವರು ಹೃದ್ರೋಗ ತಜ್ಞ ಹೊವರ್ಡ್ ಬ್ರೂನ್, ಇನ್ನೂ ನಲವತ್ತು ತುಂಬದ ಅಧಿಕಾರಿ. ಅವರು ಕಂಡದ್ದು ಮಾಮೂಲಿ ನೆಗಡಿಯನ್ನಲ್ಲ. ತುಟಿ ಉಗುರುಗಳಲ್ಲಿ ನೀಲಿ ಛಾಯೆ, ಹಿಗ್ಗಿದ ಹೃದಯ, ಶ್ವಾಸಕೋಶದಲ್ಲಿ ನೀರು, ರಕ್ತದೊತ್ತಡ 186/108. ಅಧಿಕ ಒತ್ತಡದಿಂದಾದ ಹೃದಯಕಾಯಿಲೆ, ಎಡ ಹೃತ್ಕುಕ್ಷಿಯ ವೈಫಲ್ಯ ಎಂದು ಅವರು ದಾಖಲಿಸಿದರು. ಏಳು ವರ್ಷಗಳ ಹಿಂದೆಯೇ 140/90ರ ಗಡಿ ದಾಟಿದ್ದ ಅಂಕಿಯನ್ನು ಒಬ್ಬ ಓದುಗ ಕೊನೆಗೂ ಓದಿದ್ದ.

ಬ್ರೂನ್ ಅವರ ಕೈಯಲ್ಲಿದ್ದ ಉಪಾಯಗಳಾದರೂ ಎಷ್ಟು? ಹೃದಯಕ್ಕೆ ಬಲ ಕೊಡುವ ಡಿಜಿಟಾಲಿಸ್, ನಿದ್ದೆಗೆ ಫೀನೋಬಾರ್ಬಿಟಾಲ್, ಉಪ್ಪು ಕಡಿಮೆಯಾದ ಊಟ, ತೂಕ ಇಳಿಸುವುದು, ಸಿಗರೇಟು ತಗ್ಗಿಸುವುದು, ವಿಶ್ರಾಂತಿ. ಡಿಜಿಟಾಲಿಸ್ ಕೊಡಲು ಕೂಡ ಹಿರಿಯ ತಜ್ಞರ ನಡುವೆ ಚರ್ಚೆಯೇ ನಡೆಯಬೇಕಾಯಿತು. ಶ್ವಾಸಕೋಶದ ನೀರು ಇಳಿಯಿತು, ನಿದ್ದೆ ಮರಳಿತು. ಆದರೆ ರಕ್ತದೊತ್ತಡ ಬಗ್ಗಲಿಲ್ಲ. ದಕ್ಷಿಣ ಕೆರೊಲಿನಾದಲ್ಲಿದ್ದ ಸ್ನೇಹಿತರ ಎಸ್ಟೇಟಿನಲ್ಲಿ ತಿಂಗಳ ಕಾಲ ವಿಶ್ರಾಂತಿ ಪಡೆದರೂ ಅದು ಇಳಿಯಲಿಲ್ಲ.

ಆ ಕಾಲದಲ್ಲಿ ಬೇರೆ ಪ್ರಯತ್ನಗಳು ನಡೆಯುತ್ತಿರಲಿಲ್ಲವೆಂದಲ್ಲ. ಉತ್ತರ ಕೆರೊಲಿನಾದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ಉಪ್ಪಿಲ್ಲದ ಅನ್ನ ಮತ್ತು ಹಣ್ಣಿನ ಪಥ್ಯದಿಂದ ಒತ್ತಡ ಇಳಿಸುತ್ತಿದ್ದರು. ಶಸ್ತ್ರವೈದ್ಯರು ಬೆನ್ನುಹುರಿಯ ಪಕ್ಕದ ನರಗಳನ್ನೇ ಕತ್ತರಿಸುತ್ತಿದ್ದರು. ನಮ್ಮ ದೇಶದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ಇಬ್ಬರು 1931ರಲ್ಲಿಯೇ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಬರೆದಿದ್ದರು. ಮುಂಬೈಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆಯೇ ಪಾಶ್ಚಾತ್ಯ ಜಗತ್ತು ಕಣ್ಣು ತೆರೆದದ್ದು. ಜ್ಞಾನವೊಂದು ಕಡೆ, ಅದರ ಅಗತ್ಯವಿದ್ದ ರೋಗಿ ಇನ್ನೊಂದು ಕಡೆ. ನಡುವೆ ಸಾಗರ ಮಾತ್ರವಲ್ಲ, ಅಸಡ್ಡೆಯೂ ಇತ್ತು.

ಬ್ರೂನ್ ಅವರಿಗೆ ಇನ್ನೊಂದು ಕಟ್ಟಳೆಯೂ ಇತ್ತು. ತಾವು ಕಂಡದ್ದನ್ನು ಅವರು ರೋಗಿಗಾಗಲಿ, ಮನೆಯವರಿಗಾಗಲಿ ತಿಳಿಸುವಂತಿರಲಿಲ್ಲ. ಹೊಸ ಮಾತ್ರೆಗಳು ಯಾತಕ್ಕೆಂದು ರೂಸ್‌ವೆಲ್ಟ್ ಕೇಳಲಿಲ್ಲ. ಹೃದ್ರೋಗ ತಜ್ಞನೊಬ್ಬ ದಿನವೂ ಬಂದು ಹೋಗುವುದೇಕೆಂದೂ ಕೇಳಲಿಲ್ಲ. ತಿಳಿಯದೆ ಕೇಳಲಿಲ್ಲವೋ, ತಿಳಿದೇ ಕೇಳಲಿಲ್ಲವೋ ಎಂಬುದು ಅವರೊಡನೆಯೇ ಹೋಯಿತು. ಅಧ್ಯಕ್ಷರ ಆರೋಗ್ಯ ಚೆನ್ನಾಗಿದೆಯೆಂದು ಮ್ಯಾಕಿಂಟೈರ್ ಪತ್ರಿಕೆಗಳಿಗೆ ಹೇಳುತ್ತ ಬಂದರು. 1944ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ನಗರದ ಸುರಿವ ಮಳೆಯಲ್ಲಿ ತೆರೆದ ಕಾರಿನಲ್ಲಿ ಗಂಟೆಗಟ್ಟಲೆ ಮೆರವಣಿಗೆ ಮಾಡಿ ಅಭ್ಯರ್ಥಿಯೂ ಅದನ್ನು ಸಾಬೀತುಪಡಿಸಲು ಯತ್ನಿಸಿದರು. ನವೆಂಬರ್‌ನಲ್ಲಿ ಅಮೆರಿಕದ ಮತದಾರರು ಅವರನ್ನು ನಾಲ್ಕನೆಯ ಬಾರಿಗೆ ಆರಿಸಿದರು. ಅದೇ ತಿಂಗಳ ಕೊನೆಯಲ್ಲಿ ಅವರ ರಕ್ತದೊತ್ತಡ 260/150 ತಲುಪಿತ್ತು.

1945ರ ಫೆಬ್ರುವರಿಯಲ್ಲಿ ಕ್ರಿಮಿಯಾದ ಯಾಲ್ಟಾದಲ್ಲಿ ಸ್ಟಾಲಿನ್, ಚರ್ಚಿಲ್ ಅವರೊಡನೆ ಎಂಟು ದಿನಗಳ ಸಮ್ಮೇಳನ. ಪೋಲೆಂಡ್ ಕುರಿತ ಬಿರುಸಿನ ಚರ್ಚೆಯ ದಿನ ಅವರ ನಾಡಿಯಲ್ಲಿ ಒಂದು ಬಡಿತ ಬಲವಾಗಿ, ಮರುಬಡಿತ ಕ್ಷೀಣವಾಗಿ ಬರುತ್ತಿರುವುದನ್ನು ಬ್ರೂನ್ ಗುರುತಿಸಿದರು. ದಣಿದ ಹೃದಯದ ಲಕ್ಷಣವದು. ಸಂದರ್ಶಕರನ್ನು ತಡೆದು ವಿಶ್ರಾಂತಿ ಕೊಡಿಸಿದ ಮೇಲೆ ಅದು ಸರಿಹೋಯಿತು. ಪೂರ್ವ ಯುರೋಪನ್ನು ಸ್ಟಾಲಿನ್‌ಗೆ ಬಿಟ್ಟುಕೊಟ್ಟದ್ದು ಈ ಅನಾರೋಗ್ಯವೇ ಎಂದು ವಾದಿಸುವವರಿದ್ದಾರೆ. ಸೋವಿಯತ್ ಸೇನೆ ಅದಾಗಲೇ ಪೋಲೆಂಡನ್ನು ಆಕ್ರಮಿಸಿದ್ದಾಗ ಆರೋಗ್ಯವಂತನಿಂದಲೂ ಹೆಚ್ಚೇನೂ ಆಗುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ನನಗೆ ಎರಡನೆಯ ವಾದವೇ ಸರಿಯೆನ್ನಿಸುತ್ತದೆ. ಆದರೆ ನಿಜವಾದ ನಷ್ಟ ಇನ್ನೊಂದಿದೆ. ಉಪಾಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನು ರೂಸ್‌ವೆಲ್ಟ್ ಮುಂದಿನ ಹೊಣೆಗೆ ಸಿದ್ಧಪಡಿಸಲೇ ಇಲ್ಲ. ಪರಮಾಣು ಬಾಂಬ್ ತಯಾರಾಗುತ್ತಿದೆ ಎಂಬ ಸಂಗತಿ ಟ್ರೂಮನ್ ಅವರಿಗೆ ಅಧಿಕೃತವಾಗಿ ತಿಳಿದದ್ದು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೆ. ತನ್ನ ಕಾಯಿಲೆಯನ್ನು ಒಪ್ಪಿಕೊಳ್ಳದವನು ಉತ್ತರಾಧಿಕಾರಿಯನ್ನು ತಯಾರು ಮಾಡುವುದಾದರೂ ಹೇಗೆ?

ಮಾರ್ಚ್ 1ರಂದು ಕಾಂಗ್ರೆಸ್ಸಿನ ಮುಂದೆ ಅವರು ಕುಳಿತೇ ಭಾಷಣ ಮಾಡಿದರು. ಕಾಲಿನ ಉಕ್ಕಿನ ಭಾರವನ್ನು ಅಂದು ಬಹಿರಂಗವಾಗಿ ಪ್ರಸ್ತಾಪಿಸಿದರು. ತಿಂಗಳ ಕೊನೆಯಲ್ಲಿ ತಮ್ಮ ಪ್ರೀತಿಯ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ಏಪ್ರಿಲ್ 12ರ ಮಧ್ಯಾಹ್ನ, ಚಿತ್ರಕಾರ್ತಿಯೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದಾಗ, ತಲೆಯ ಹಿಂಭಾಗದಲ್ಲಿ ಭೀಕರ ನೋವೆಂದು ಹೇಳಿ ಕುಸಿದರು. ಬ್ರೂನ್ ಓಡಿಬಂದು ಅಳೆದಾಗ ರಕ್ತದೊತ್ತಡ 300/190ನ್ನೂ ಮೀರಿತ್ತು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಮಧ್ಯಾಹ್ನ 3.35ಕ್ಕೆ ಪ್ರಾಣ ಹೋಯಿತು. ವಯಸ್ಸು 63. ಯುರೋಪಿನ ಯುದ್ಧ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ.

ಸಾವು ಅನಿರೀಕ್ಷಿತವೆಂದು ಜಗತ್ತಿಗೆ ತಿಳಿಸಲಾಯಿತು. ಬೆಥೆಸ್ಡಾದ ವೈದ್ಯಕೀಯ ದಾಖಲೆಗಳು ಕಾಣೆಯಾದವು. ಇಪ್ಪತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಬ್ರೂನ್ 1970ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎಲ್ಲವನ್ನೂ ಬರೆದ ಮೇಲೆಯೇ ಆ ನಾಲ್ಕು ಅಂಕಿಗಳು, ಅವುಗಳ ಮುಂದಿನವೂ, ಸಾರ್ವಜನಿಕರಿಗೆ ಸಿಕ್ಕಿದ್ದು.

ಕತೆ ಇಲ್ಲಿಗೆ ಮುಗಿಯುವುದಿಲ್ಲ. 1948ರ ಜೂನ್‌ನಲ್ಲಿ ಟ್ರೂಮನ್ ರಾಷ್ಟ್ರೀಯ ಹೃದಯ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದ ಸಾವಿರಾರು ಸಾಮಾನ್ಯ ಜನರನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಆರಂಭವಾಯಿತು. ರಕ್ತದೊತ್ತಡ ಏರಿದಷ್ಟೂ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಏರುತ್ತದೆಂಬುದು ಆ ಅಂಕಿಸಂಖ್ಯೆಗಳಿಂದ ಸ್ಥಿರಪಟ್ಟಿತು. ಇನ್ನೊಂದು ಕಾಕತಾಳೀಯ. ರೂಸ್‌ವೆಲ್ಟ್ ಕೊನೆಯುಸಿರೆಳೆದ ಜಾರ್ಜಿಯಾ ರಾಜ್ಯದ್ದೇ ಆದ ಅಗಸ್ಟಾದ ವೈದ್ಯಕೀಯ ಶಾಲೆಯಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಎಂಬ ಔಷಧ ವಿಜ್ಞಾನಿ ಕೆಲಸ ಮಾಡುತ್ತಿದ್ದರು. 1948ರಲ್ಲಿಯೇ ಅವರೊಂದು ಪ್ರಬಂಧ ಪ್ರಕಟಿಸಿದರು. ಅಡ್ರಿನಲಿನ್ ಕೆಲಸ ಮಾಡಲು ದೇಹದಲ್ಲಿ ಎರಡು ಬಗೆಯ ಗ್ರಾಹಕಗಳಿವೆ, ಅವನ್ನು ಆಲ್ಫಾ ಮತ್ತು ಬೀಟಾ ಎನ್ನೋಣ ಎಂಬುದು ಅದರ ತಿರುಳು. ಒಂದು ದಶಕ ಅದನ್ನು ಹೆಚ್ಚಿನವರು ಗಮನಿಸಲಿಲ್ಲ.

ಗಮನಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲಾಕ್. 1958ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಸೇರಿದ ಅವರು ಬೀಟಾ ಗ್ರಾಹಕಕ್ಕೆ ತಡೆಯೊಡ್ಡುವ ವಸ್ತುವನ್ನು ಹುಡುಕಿದರು. ಹೃದಯದ ಬಡಿತ ತಗ್ಗಿದರೆ ಅದಕ್ಕೆ ಬೇಕಾದ ಆಮ್ಲಜನಕವೂ ತಗ್ಗುತ್ತದೆ, ಎದೆನೋವಿನ ರೋಗಿಗೆ ನೆಮ್ಮದಿ ಸಿಗುತ್ತದೆ ಎಂಬುದು ಅವರ ತರ್ಕ. ಮೊದಲ ಔಷಧ ಪ್ರೊನೆಥಲಾಲ್ ಇಲಿಗಳಲ್ಲಿ ಗೆಡ್ಡೆಗಳನ್ನುಂಟುಮಾಡಿದ್ದರಿಂದ ಕೈಬಿಡಬೇಕಾಯಿತು. 1964ರಲ್ಲಿ ಪ್ರೊಪ್ರನಲಾಲ್ ಬಂತು. ಎದೆನೋವಿಗೆಂದು ಅದನ್ನು ಕೊಟ್ಟ ರೋಗಿಗಳಲ್ಲಿ ರಕ್ತದೊತ್ತಡವೂ ಇಳಿಯುವುದನ್ನು ಗುರುತಿಸಿ ತೋರಿಸಿದವರು ಲಂಡನ್ನಿನ ಬ್ರಯಾನ್ ಪ್ರಿಚರ್ಡ್. ಬೀಟಾ ಬ್ಲಾಕರ್ ಹೃದಯದ ಓಟವನ್ನು ನಿಧಾನಿಸುತ್ತದೆ, ಬಡಿತದ ರಭಸವನ್ನು ತಗ್ಗಿಸುತ್ತದೆ, ಒತ್ತಡ ಏರಿಸುವ ರೆನಿನ್ ಎಂಬ ವಸ್ತುವನ್ನು ಮೂತ್ರಪಿಂಡ ಬಿಡುಗಡೆ ಮಾಡುವುದನ್ನೂ ತಡೆಯುತ್ತದೆ. ಬ್ಲಾಕ್ ಅವರಿಗೆ 1988ರಲ್ಲಿ ನೊಬೆಲ್ ಗೌರವ ಸಂದಿತು.

ಈ ಮಾತ್ರೆ ರೂಸ್‌ವೆಲ್ಟರನ್ನು ಉಳಿಸುತ್ತಿತ್ತೆ? ಅವಸರದ ಉತ್ತರ ಬೇಡ. 1944ರ ಮಾರ್ಚ್‌ನ ಸ್ಥಿತಿಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿ ಹೃದಯ ಸೋಲುತ್ತಿದ್ದಾಗ, ದೊಡ್ಡ ಪ್ರಮಾಣದ ಬೀಟಾ ಬ್ಲಾಕರ್ ಅಪಾಯವನ್ನೇ ತರುತ್ತಿತ್ತು. ಸ್ಥಿತಿ ಸುಧಾರಿಸಿದ ಮೇಲೆ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿದರೆ ಸೋತ ಹೃದಯಕ್ಕೂ ಅದು ಆಯುಸ್ಸು ಕೊಡುತ್ತದೆಂಬುದು 1990ರ ದಶಕದ ಅಧ್ಯಯನಗಳಿಂದ ಸಾಬೀತಾಯಿತು. ಇನ್ನೊಂದು ಸಂಗತಿ: ಬೇರೆ ತೊಂದರೆಯಿಲ್ಲದ ರಕ್ತದೊತ್ತಡಕ್ಕೆ ಬೀಟಾ ಬ್ಲಾಕರನ್ನೇ ಮೊದಲ ಮದ್ದಾಗಿ ಕೊಡುವ ಪದ್ಧತಿ 2000ದ ದಶಕದ ನಡುವಿನಿಂದ ಹಿಂದೆ ಸರಿದಿದೆ. ಪಾರ್ಶ್ವವಾಯುವನ್ನು ತಡೆಯುವಲ್ಲಿ ಇತರ ಔಷಧಗಳು ಮೇಲೆಂದು ದೊಡ್ಡ ಅಧ್ಯಯನಗಳು ತೋರಿಸಿದವು. ರೂಸ್‌ವೆಲ್ಟರನ್ನು ಕೊಂಡೊಯ್ದದ್ದು ಅದೇ ಪಾರ್ಶ್ವವಾಯು. ಹೃದಯಾಘಾತವಾದವರಿಗೆ, ಎದೆನೋವಿರುವವರಿಗೆ, ಹೃದಯ ದುರ್ಬಲವಾದವರಿಗೆ ಬೀಟಾ ಬ್ಲಾಕರ್ ಇಂದಿಗೂ ಆಸರೆ. ಆಸ್ತಮಾ ಇರುವವರು ಎಚ್ಚರದಿಂದಿರಬೇಕು. ಯಾರೇ ಆಗಲಿ ವೈದ್ಯರನ್ನು ಕೇಳದೆ ಅದನ್ನು ಹಠಾತ್ತನೆ ನಿಲ್ಲಿಸಬಾರದು. 1937ರ ಆ ಏಪ್ರಿಲ್‌ನಲ್ಲಿ ಇಂದಿನ ಔಷಧಗಳಲ್ಲಿ ಒಂದೆರಡು ಕೈಗೆ ಸಿಕ್ಕಿ, ಅವನ್ನು ನಿತ್ಯ ಸೇವಿಸಿದ್ದರೆ, ಇತಿಹಾಸದ ಪುಟಗಳು ಬೇರೆಯಾಗುವ ಸಾಧ್ಯತೆ ಖಂಡಿತ ಇತ್ತು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಸೇವೆಯಲ್ಲಿದ್ದಾಗ ಕಡ್ಡಾಯ ತಪಾಸಣೆಯ ವರದಿಯಲ್ಲಿ ನನ್ನ ರಕ್ತದೊತ್ತಡದ ಅಂಕಿ ಮೂರು ವರ್ಷ ಒಂದೇ ಸಮನೆ ಏರಿತ್ತು. ಇತರರ ಕಡತಗಳಲ್ಲಿ ಅಲ್ಪವಿರಾಮವನ್ನೂ ಬಿಡದೆ ಓದುತ್ತಿದ್ದ ನಾನು ಆ ಹಾಳೆಗಳನ್ನು ಮಡಿಚಿ ಕಪಾಟಿನಲ್ಲಿಟ್ಟೆ. ತಲೆನೋವಿಲ್ಲ, ಸುಸ್ತಿಲ್ಲ, ಏನಾದೀತು ಎಂಬ ಧೈರ್ಯ. ನಿವೃತ್ತಿಯಾದ ಎರಡನೆಯ ವರ್ಷ ಮೆಟ್ಟಿಲೇರುವಾಗ ಎದೆ ಹಿಡಿದುಕೊಂಡ ಮೇಲೆ ವೈದ್ಯರು ಕೊಟ್ಟ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಕೂಡ ಒಂದು. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ, ಕೆಲವೇ ರೂಪಾಯಿಗಳ ಸಣ್ಣ ಮಾತ್ರೆ. ಹಡಗುಪಡೆಗಳನ್ನು ನಡೆಸಿದ ಅಧ್ಯಕ್ಷರಿಗೆ ಹಣ ಕೊಟ್ಟರೂ ಸಿಗದಿದ್ದದ್ದು ಪಿಂಚಣಿದಾರನೊಬ್ಬನಿಗೆ ಬೀದಿಯ ಕೊನೆಯ ಔಷಧದಂಗಡಿಯಲ್ಲಿ ಸಿಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಜಗತ್ತಿನಲ್ಲಿ ಈ ಕಾಯಿಲೆಯಿರುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಲ್ಲಿ ಮಾತ್ರ ಅದು ಹತೋಟಿಯಲ್ಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರ ಅಂಕಿ ಅಳೆಯದೆ ಉಳಿದಿದೆ, ಇಲ್ಲವೇ ಅಳೆದು ಕಪಾಟಿನಲ್ಲಿದೆ, ಅಥವಾ ಮಾತ್ರೆ ತಂದೂ ನಾಲ್ಕು ದಿನಕ್ಕೆ ಬಿಟ್ಟಾಗಿದೆ. ರೂಸ್‌ವೆಲ್ಟರ ಕಾಲಕ್ಕೆ ಔಷಧವಿರಲಿಲ್ಲ ಎಂಬ ಸಮಜಾಯಿಷಿಯಿತ್ತು. ನಮಗೆ ಅದಿಲ್ಲ. ಔಷಧವನ್ನು ಕಂಡುಹಿಡಿಯುವ ಕೆಲಸ ವಿಜ್ಞಾನಿಗಳು ಮುಗಿಸಿದ್ದಾರೆ. ಕಡತ ತೆರೆದು ಅಂಕಿಯನ್ನು ಓದುವ ಕೆಲಸ ಮಾತ್ರ ನಮ್ಮ ಪಾಲಿಗೆ ಬಾಕಿಯಿದೆ.